ಒಂದು ಕಿವಿಯಲ್ಲಿ ರೇಡಿಯೋ

ನನ್ನ ಗಂಡನ ಹೆಸರು ವಾಷಿಂಗ್ಟನ್.
ನಗಬೇಡಿ, ಮೊಂತೆವಿದೇಯೋದಲ್ಲಿ ಅದು ಮಾಮೂಲಿ ಹೆಸರು,
ಬೀದಿಗೊಬ್ಬ ಸಿಗುತ್ತಾನೆ. ಅಮೆರಿಕ ಕಂಡವನಲ್ಲ,
ಬಂದರಿನಿಂದ ಗುಡ್ಡದ ಬುಡಕ್ಕೆ ಸಿಟಿ ಬಸ್ಸು ಓಡಿಸುತ್ತಾನೆ.
ವಾರದ ಆರು ದಿನ ಹೇಳಿದ ಮಾತು ಕೇಳುತ್ತಾನೆ.
ಭಾನುವಾರ ಮಾತ್ರ ಅವನ ಬಲಗಿವಿ ನನ್ನದಲ್ಲ,

ಅಲ್ಲಿ ಎಲ್ ಫಾರೋ ಆಡುತ್ತಿರುತ್ತದೆ.
ಎಲ್ ಫಾರೋ ಅಂದರೆ ದೀಪಸ್ತಂಭ.
ನಮ್ಮ ಕೇರಿಯ ತಂಡ, ಎರಡನೇ ದರ್ಜೆ,
ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ
ಹೊತ್ತಿದ್ದು ನಾನಂತೂ ನೋಡಿಲ್ಲ.

ಮಾರ್ಚಿನಲ್ಲಿ ಹೊಸ ಸಿನಿಮಾಕ್ಕೆ ಹೋದೆವು.
ಮಾಯ್ತೆಯನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು
ನಾನು ತುಟಿಗೆ ಬಣ್ಣ ಹಚ್ಚಿದ್ದೆ, ಅವನದು ಇಸ್ತ್ರಿಯ ಅಂಗಿ.
ಎಲ್ಲ ಸರಿಯಿತ್ತು,
ಕಾಲರಿನ ಸಂದಿಯಿಂದ ಮೇಲೆ ಹತ್ತಿದ
ತೆಳ್ಳನೆ ಕಪ್ಪು ತಂತಿಯೊಂದು ಬಿಟ್ಟರೆ.

ತೆರೆಯ ಮೇಲೆ ಹಿಮ. ನಿಲ್ದಾಣದಲ್ಲಿ ಒಬ್ಬ ಹೆಂಗಸು
ಒಂದೂವರೆ ಗಂಟೆಯಿಂದ ಒಬ್ಬನಿಗಾಗಿ ಕಾಯುತ್ತಿದ್ದಾಳೆ.
ಕೊನೆಗೂ ರೈಲು ಬಂತು. ಬಾಗಿಲು ತೆರೆಯಿತು.
ಇಡೀ ಟಾಕೀಸು ಉಸಿರು ಬಿಗಿಹಿಡಿದಿದ್ದಾಗ
ನನ್ನ ಪಕ್ಕದಿಂದ ಒಂದು ನರಳಾಟ:
‘ಅಯ್ಯೋ, ಕಂಬಕ್ಕೆ ಬಡೀತಲ್ಲ!’

ಭೂಮಿ ಬಾಯಿಬಿಡಲಿ ಅಂದುಕೊಂಡೆ.
ಬಾಯಿಬಿಟ್ಟಿದ್ದು ಹಿಂದಿನ ಸಾಲು: ‘ಎಷ್ಟೆಷ್ಟು?’
ಮುಂದಿನ ಸಾಲಿನ ಬೋಳುತಲೆ ತಿರುಗಿ, ‘ಎಷ್ಟನೇ ನಿಮಿಷ?’
ಟಾರ್ಚು ಹಿಡಿದು ಗದರಲು ಬಂದ ಹುಡುಗ
ಬಗ್ಗಿ, ದನಿ ತಗ್ಗಿಸಿ, ‘ಹೊಡೆದದ್ದು ಯಾರು?’
ಅಷ್ಟರಲ್ಲಿ ರೈಲು ಹೊರಟುಹೋಗಿತ್ತು.
ಆತ ಇಳಿದನೋ ಇಲ್ಲವೋ ನಾನು ಕಾಣಲಿಲ್ಲ.

ಔಷಧಿ ಅಂಗಡಿಯಲ್ಲಿ ಜೊತೆಗೆ ನಿಲ್ಲುವ ನೀದಿಯಾ
ಹೇಳಲು ಬಂದಳು. ಬೇಡ ಮಾರಾಯ್ತಿ, ಅಂದೆ.
ಇನ್ನೊಬ್ಬರ ಬಾಯಲ್ಲಿ ಕೇಳಿದ ಕೊನೆ
ಇನ್ನೊಬ್ಬರು ಅಗಿದು ಕೊಟ್ಟ ರೊಟ್ಟಿ.

ಏಪ್ರಿಲಿಗೆ ರಜೆ. ಲೋಕಕ್ಕೆಲ್ಲ ಅದು ಪವಿತ್ರ ವಾರ,
ನಮ್ಮ ಸರ್ಕಾರದ ಕ್ಯಾಲೆಂಡರಿನಲ್ಲಿ ‘ಪ್ರವಾಸದ ವಾರ’;
ದೇವರಿಗೂ ಒಂದಿಷ್ಟು ಸುತ್ತಾಟ ಬೇಡವೇ.
ರೋಚಾದ ಕಡಲದಂಡೆ, ಕರೆಂಟಿಲ್ಲದ ಬಾಡಿಗೆ ಗುಡಿಸಲು,
ಎತ್ತ ಮಗ್ಗುಲಾದರೂ ಗಾಳಿ, ಅನ್ನದಲ್ಲೆಲ್ಲ ಮರಳು.
ಬಂಡೆಯ ಮೇಲೆ ಸೀಲುಗಳ ಹಿಂಡು ಹಗಲೆಲ್ಲ ಅರಚುತ್ತಿತ್ತು.
‘ಇವು ಯಾವ ತಂಡದವು?’ ಅಂದಳು ಮಾಯ್ತೆ.
‘ನಮ್ಮವೇ’ ಅಂದ ಅವಳಪ್ಪ, ಬಲು ಗಂಭೀರವಾಗಿ.

ರಜೆಯೆಂದು ನೋಡದೆ ಭಾನುವಾರವೇ ಪಂದ್ಯ ಇಟ್ಟಿದ್ದರು,
ಅದೂ ಸೇತುವೆಯಾಚೆಯ ಕೇರಿಯವರ ಮೇಲೆ.
ಮರಳದಿಬ್ಬ ಹತ್ತಿ, ರೇಡಿಯೋ ತಲೆಯ ಮೇಲೆತ್ತಿ
ಮಗುವಿಗೆ ಚಂದ್ರನನ್ನು ತೋರಿಸುವವನ ಹಾಗೆ ನಿಂತ.
ಸಿಕ್ಕಿದ್ದು ಬ್ರೆಜಿಲ್ಲಿನ ಹವಾಮಾನ ವರದಿ.
ಆಮೇಲೆ ಬ್ಯಾಟರಿಯೂ ಸತ್ತಿತು.

ನಾನು ಮೊಂಬತ್ತಿ ತರಲೆಂದು ಹೊರಟಿದ್ದೆ.
ದಾರಿಯಲ್ಲಿ ದೀಪಸ್ತಂಭ, ನಿಜವಾದದ್ದು, ಕಲ್ಲಿನದು.
ಅದರ ಕಾವಲುಗಾರನ ಕಿಟಕಿಯಲ್ಲಿ ದೊಡ್ಡ ರೇಡಿಯೋ,
ಅದರಲ್ಲಿ ನಮ್ಮ ಪಂದ್ಯ, ಕೊನೆಯ ಹತ್ತು ನಿಮಿಷ.
ಒಂದು ನಿಮಿಷ ನಿಲ್ಲೋಣ ಅಂತಲೇ ನಿಂತೆ.
ಆಫ್‌ಸೈಡ್ ಅಂದರೇನು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ,
ಆದರೆ ಸೀಟಿ ಊದಿದಾಗ ನೋಡುತ್ತೇನೆ,
ಮುಷ್ಟಿಯೊಳಗೆ ಎರಡು ಮೊಂಬತ್ತಿ ಮುರಿದಿದ್ದವು.

ಮರಳಿದಾಗ ಅವನು ದಿಬ್ಬದ ಮೇಲೇ ಕೂತಿದ್ದ.
ನನ್ನ ಮುಖ ನೋಡಿದ. ಥಟ್ಟನೆ ಕಡಲ ಕಡೆ ತಿರುಗಿದ.
‘ಗೊತ್ತಾಗಿದೆ ಅಲ್ಲವಾ ನಿನಗೆ?
ಹೇಳಬೇಡ ಈಗಲೇ. ಒಂದಿಷ್ಟು ಹೊತ್ತು ಹೀಗೇ ಇರಲಿ.’

ಬಿಸಿ ಗೆಣಸು ಕಚ್ಚಿದವಳಂತೆ
ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ.
ಸ್ವಲ್ಪ ಹೊತ್ತಿಗೆ ಅವನೇ ಅಂದ:
‘ಆ ಹೆಂಗಸು ಕಾಯುತ್ತಿದ್ದಳಲ್ಲ, ರೈಲಿನವನಿಗೆ.
ಆವತ್ತು ನನ್ನ ಕಿವಿ ಮಾತ್ರ ಮೈದಾನದಲ್ಲಿತ್ತು.
ಕಣ್ಣು ತೆರೆಯ ಮೇಲೇ ಇತ್ತು. ಹೇಳಲಾ?’

ಬೇಡ, ಅಂದೆ.
ಮಾಯ್ತೆ ಒಳಗಿಂದ ಕೂಗುತ್ತಿದ್ದಳು,
ಮೀನು ಆರಿಹೋಗುತ್ತಿದೆಯಂತೆ.
ನಾವಿಬ್ಬರೂ ಬಾಯಿ ಮುಚ್ಚಿಕೊಂಡು
ಇನ್ನೊಂದು ಗಳಿಗೆ ಅಲ್ಲೇ ಕೂತಿದ್ದೆವು.